ಇಷ್ಟಪಟ್ಟು ಹಿಡಿದ ಕೆಲಸವೇ ಸಾಕಾಗಿಹೋದರೆ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 34 ವರ್ಷ. ಚಿಕ್ಕಂದಿನಿಂದಲೂ ಚಿತ್ರ ಬರೆಯುವುದೆಂದರೆ ಪ್ರಾಣ. ನಾಲ್ಕು ವರ್ಷದ ಹಿಂದೆ ಆಫೀಸ್ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದೆ. ಮಕ್ಕಳ ಪುಸ್ತಕಗಳಿಗೆ, ಕಂಪನಿಗಳ ಜಾಹೀರಾತಿಗೆ ಚಿತ್ರ ಮಾಡಿಕೊಡುತ್ತೇನೆ. ಕೆಲಸಕ್ಕೇನೂ ಕೊರತೆ ಇಲ್ಲ. ಆದರೆ ಆರು ತಿಂಗಳಿಂದ ಪೆನ್ಸಿಲ್ ನೋಡಿದರೇ ಹೊಟ್ಟೆ ತೊಳಸಿದ ಹಾಗಾಗುತ್ತದೆ. ಕ್ಲೈಂಟ್ ಮೆಸೇಜ್ ಬಂದರೆ ಎದೆ ಢವಢವ. ಒಂದು ವಾರ ರಜೆ ಹಾಕಿ ಸುತ್ತಾಡಿ ಬಂದೆ. ಬಂದ ಮೇಲೆ ಎರಡು ದಿನ ಚೆನ್ನಾಗಿದ್ದೆ, ಮತ್ತೆ ಅದೇ. ಮೊನ್ನೆ ಮಗಳು "ಅಮ್ಮಾ, ಆನೆ ಬರೆದುಕೊಡು" ಅಂದಾಗ ರೇಗಿಬಿಟ್ಟೆ. ಮನೆಯಲ್ಲಿ, "ಇಷ್ಟದ ಕೆಲಸ ಮಾಡಿಕೊಂಡು ದುಡಿಯುವ ಪುಣ್ಯ ಎಷ್ಟು ಜನಕ್ಕಿದೆ? ನಿನಗೇನು ಕಷ್ಟ?" ಅನ್ನುತ್ತಾರೆ. ಅದೂ ನಿಜ ಅನ್ನಿಸಿ ಇನ್ನೂ ಹಿಂಸೆಯಾಗುತ್ತದೆ. ಚಿತ್ರದ ಮೇಲಿನ ಪ್ರೀತಿಯೇ ಸತ್ತುಹೋಯಿತಾ? ಹಳೆ ಆಫೀಸಿನವರು ವಾಪಸ್ ಬನ್ನಿ ಅಂತಿದ್ದಾರೆ. ಹೋಗಲಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಕ್ಲೈಂಟ್ ಇದ್ದಾರೆ, ಮೆಸೇಜ್ ಇದೆ, ರಜೆ ಇದೆ, ಮನೆಯವರ ಮಾತಿದೆ. ಚಿತ್ರವೇ ಇಲ್ಲ. ಯಾವ ಚಿತ್ರ ಬರೆಯುವಾಗ ಬೇಸರ ಬಂತು, ಯಾವ ಪುಟದಲ್ಲಿ ಕೈ ಓಡಲಿಲ್ಲ ಎಂಬ ಒಂದು ಮಾತೂ ಇಲ್ಲ. ಹಾಗಾಗಿ ನನಗೆ ಅನುಮಾನ: ನಿಮಗೆ ಸಾಕಾಗಿರುವುದು ಚಿತ್ರದ ಸುತ್ತ ನಾಲ್ಕು ವರ್ಷದಲ್ಲಿ ಬೆಳೆದುಕೊಂಡಿರುವ ಉಳಿದದ್ದೆಲ್ಲ. ಪ್ರೀತಿ ಆ ರಾಶಿಯ ಅಡಿಯಲ್ಲಿ ಸಿಕ್ಕಿಕೊಂಡಿದೆ, ಅಷ್ಟೇ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ, ಪರೀಕ್ಷೆ ಮಾಡಿ ನೋಡಬಹುದಾದ ಮಾತು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು "ನಿನಗೇನು ಕಷ್ಟ" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಇಷ್ಟದ ಕೆಲಸ ಮಾಡುವವರಿಗೆ ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಒಳಗೇ ಬತ್ತಿಹೋಗುವ ಸ್ಥಿತಿ, ಬರುವುದಿಲ್ಲ ಎಂಬುದು ಬಹಳ ಜನರ ನಂಬಿಕೆ. ಆದರೆ ಈ ಸ್ಥಿತಿಯನ್ನು ಮೊದಲು ಗುರುತಿಸಿದ್ದೇ ಇಷ್ಟಪಟ್ಟು ದುಡಿಯುತ್ತಿದ್ದವರಲ್ಲಿ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರ ಅನುಭವ ಇಟ್ಟುಕೊಂಡು ಇದರ ಬಗ್ಗೆ ಬರೆದರು. ಅಲ್ಲಿ ದುಡಿಯುತ್ತಿದ್ದವರನ್ನು ಯಾರೂ ಬಲವಂತವಾಗಿ ಕರೆತಂದಿರಲಿಲ್ಲ. ಅವರಾಗಿಯೇ ಬಂದ ಸ್ವಯಂಸೇವಕರು. ಫ್ರಾಯ್ಡನ್‌ಬರ್ಗರ್ ಅವರೂ ಹಗಲೆಲ್ಲ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡಿ, ಸಂಜೆ ಅಲ್ಲಿಗೆ ಹೋಗುತ್ತಿದ್ದವರು. ಯಾರಿಗೆ ಇದು ಬೇಗ ತಟ್ಟುತ್ತದೆ ಎಂಬ ಪ್ರಶ್ನೆಗೆ ಅವರ ಉತ್ತರ ಸರಳವಾಗಿತ್ತು: ಮನಸ್ಸಿಟ್ಟು, ನಿಷ್ಠೆಯಿಂದ ಮಾಡುವವರಿಗೆ. ಅರೆಮನಸ್ಸಿನವರು ತಮ್ಮ ಪಾಡಿಗೆ ತಾವು ಸಂಜೆ ಮನೆಗೆ ಹೋಗುತ್ತಾರೆ, ಅಲ್ವಾ?

ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ಸಂಶೋಧಕಿ ಇದನ್ನು ಅಳೆಯುವ ವಿಧಾನವನ್ನೇ ರೂಪಿಸಿದರು. ಸೂಸನ್ ಜ್ಯಾಕ್ಸನ್ ಜೊತೆ 1981ರಲ್ಲಿ ಪ್ರಕಟಿಸಿದ ಅವರ ಪ್ರಶ್ನಾವಳಿಯನ್ನು ಇವತ್ತಿಗೂ ಬಳಸುತ್ತಾರೆ. ಅವರ ಪ್ರಕಾರ ನೋಡಬೇಕಾದದ್ದು ಮೂರು. ಒಳಗಿನ ಶಕ್ತಿಯೇ ಬತ್ತಿಹೋದಂಥ ಸುಸ್ತು. ಕೆಲಸದ ಮೇಲೆ, ಕೆಲಸ ಕೊಡುವವರ ಮೇಲೆ ಒಂಥರಾ ಕಹಿ, "ಏನಾದ್ರೂ ಮಾಡ್ಕೊಳ್ಳಿ" ಅನ್ನುವ ಭಾವ. ಮೂರನೆಯದು, ನನ್ನ ಕೈಲಿ ಏನೂ ಆಗುತ್ತಿಲ್ಲ ಎಂಬ ಅನಿಸಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟನ್ನು ವಿವರಿಸಿದ್ದೂ ಇದೇ ಮೂರರ ಮೇಲೆ. ಅದನ್ನು ಕಾಯಿಲೆ ಎನ್ನಲಿಲ್ಲ. ಕೆಲಸದ ಜಾಗದಲ್ಲಿ ಬಹಳ ಕಾಲ ಉಳಿದು, ಸರಿಯಾಗಿ ನಿಭಾಯಿಸದೆ ಹೋದ ಒತ್ತಡದಿಂದ ಬರುವ ಸ್ಥಿತಿ ಎಂದಿತು. ಇಲ್ಲಿ ಒಂದು ಮುಖ್ಯ ಅಂಶ ಇದೆ. ತೊಂದರೆ ಇರುವುದು ವ್ಯಕ್ತಿಯ ಸ್ವಭಾವದಲ್ಲಿ ಮಾತ್ರ ಅಲ್ಲ, ಕೆಲಸ ನಡೆಯುವ ರೀತಿಯಲ್ಲೂ ಇದೆ. ಹಾಗಾಗಿ "ನೀನು ಸ್ವಲ್ಪ ಗಟ್ಟಿಯಾಗು" ಎಂಬ ಉಪದೇಶದಿಂದ ಇದು ಹೋಗುವುದಿಲ್ಲ.

ಹಾಗಾದರೆ ಇಷ್ಟದ ಕೆಲಸದಲ್ಲಿ ಇದು ಯಾಕೆ ಜಾಸ್ತಿ ಕಾಡುತ್ತದೆ?

ಹಳೆ ಆಫೀಸಿನ ದಿನ ನೆನಪಿಸಿಕೊಳ್ಳಿ. ಕಂಪ್ಯೂಟರ್ ಆಫ್ ಮಾಡಿ ಎದ್ದು ಬರುತ್ತಿದ್ದಿರಿ. ಯಾರಾದರೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ "ಇದೇನ್ರೀ ಈ ಹೊತ್ತಲ್ಲಿ" ಎಂದು ಸಿಟ್ಟು ಬರುತ್ತಿತ್ತು. ಈಗ ಅದೇ ಒಂಬತ್ತಕ್ಕೆ "ಮೊಲದ ಕಿವಿ ಸ್ವಲ್ಪ ಚಿಕ್ಕದು ಮಾಡ್ತೀರಾ" ಎಂಬ ಮೆಸೇಜ್ ಬಂದರೆ ಎದ್ದು ಕೂರುತ್ತೀರಿ. ಯಾಕೆಂದರೆ ಇದು ನಿಮ್ಮ ಲೆಕ್ಕದಲ್ಲಿ ಕೆಲಸವೇ ಅಲ್ಲ, ಚಿತ್ರ ಬರೆಯುವುದು. ಕಿವಿ ಚಿಕ್ಕದಾಯಿತು. ಮರುದಿನ "ಮೊದಲಿದ್ದದ್ದೇ ಚೆನ್ನಾಗಿತ್ತು ಅನ್ಸುತ್ತೆ, ಆದರೆ ಮೊಲ ಇನ್ನೂ ಸ್ವಲ್ಪ ಖುಷಿಯಾಗಿ ಕಾಣಲಿ" ಎಂದು ಬಂತು. ನಿಮ್ಮ ಕಂಪ್ಯೂಟರಿನಲ್ಲಿ "ಮೊಲ ಫೈನಲ್", "ಮೊಲ ಫೈನಲ್ 2", "ಮೊಲ ಫೈನಲ್ ಇದೇ" ಎಂಬ ಮೂರು ಫೈಲು ಇದ್ದೇ ಇರುತ್ತವೆ ಎಂದು ನಾನು ಬಾಜಿ ಕಟ್ಟಬಲ್ಲೆ. ಈ ಓಡಾಟಕ್ಕೆ ನೀವು ಸಮಯದ ಲೆಕ್ಕವನ್ನೂ ಇಟ್ಟಿಲ್ಲ, ದುಡ್ಡಿನ ಲೆಕ್ಕವನ್ನೂ ಇಟ್ಟಿಲ್ಲ. ಇಷ್ಟದ ಕೆಲಸಕ್ಕೆ ಬೇಲಿ ಇರುವುದಿಲ್ಲ, ತೊಂದರೆ ಶುರುವಾಗುವುದು ಇಲ್ಲಿಂದಲೇ.

ಇನ್ನೊಂದು, ಪೆಟ್ಟು ಬೀಳುವ ಜಾಗ. ಆಫೀಸಿನ ವರದಿಯಲ್ಲಿ ಯಾರೋ ತಪ್ಪು ತೋರಿಸಿದರೆ ಅದು ವರದಿಯ ತಪ್ಪು. ಚಿತ್ರ ಸರಿಯಿಲ್ಲ ಎಂದರೆ ನಾನೇ ಸರಿಯಿಲ್ಲ ಎಂದು ಕೇಳಿಸುತ್ತದೆ. ಆರನೇ ವಯಸ್ಸಿನಿಂದ "ಇವಳು ಚೆನ್ನಾಗಿ ಚಿತ್ರ ಬರೀತಾಳೆ" ಎಂದೇ ಎಲ್ಲರೂ ನಿಮ್ಮನ್ನು ಪರಿಚಯಿಸಿರುತ್ತಾರೆ. ಅಷ್ಟು ಒಳಗೆ ಬೇರು ಬಿಟ್ಟಿರುವುದನ್ನು ದಿನಾ ಬೆಳಗ್ಗೆ ಅಪರಿಚಿತರ ಮುಂದಿಟ್ಟು "ಹೇಗಿದೆ ನೋಡಿ" ಎಂದು ಕೇಳುವುದು ಸುಮ್ನೆ ಮಾತಲ್ಲ.

ಮೂರನೆಯದನ್ನು ವಿವರಿಸಲು ಒಂದು ಹಳೆಯ ಪ್ರಯೋಗ ಹೇಳಬೇಕು. ಅದು ಚಿತ್ರ ಬರೆಯುವುದರ ಬಗ್ಗೆಯೇ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಶಿಶುವಿಹಾರದ ಮಕ್ಕಳಿಗೆ ಬಣ್ಣದ ಮಾರ್ಕರ್ ಪೆನ್ನು ಕೊಟ್ಟರು. ಎಲ್ಲರೂ ಚಿತ್ರ ಬರೆಯುವುದನ್ನು ಇಷ್ಟಪಡುವ ಮಕ್ಕಳೇ. ಒಂದು ಗುಂಪಿಗೆ "ಬರೆದರೆ ಬಹುಮಾನದ ಪತ್ರ ಸಿಗುತ್ತದೆ" ಎಂದು ಮೊದಲೇ ಹೇಳಿದರು. ಎರಡನೇ ಗುಂಪಿಗೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರ ಕೊಟ್ಟರು. ಮೂರನೇ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದ ಮೇಲೆ, ಆಟದ ಹೊತ್ತಿನಲ್ಲಿ ಯಾರು ತಾವಾಗಿಯೇ ಪೆನ್ನು ಕೈಗೆತ್ತಿಕೊಳ್ಳುತ್ತಾರೆ ಎಂದು ಗಮನಿಸಿದರು. ಬಹುಮಾನಕ್ಕಾಗಿ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಬರೆದರು.

ಈ ಪ್ರಯೋಗವನ್ನು ಹಿಡಿದುಕೊಂಡು ಕೆಲವರು "ನೋಡಿ, ಕಲೆಗೆ ದುಡ್ಡು ತಗೊಂಡರೆ ಕಲೆ ಹಾಳು" ಎನ್ನುತ್ತಾರೆ. ಅದು ತಪ್ಪು ಓದು. ಎರಡನೇ ಗುಂಪಿನ ಮಕ್ಕಳಿಗೂ ಬಹುಮಾನ ಸಿಕ್ಕಿತ್ತು, ಅವರ ಆಸಕ್ತಿಗೆ ಏನೂ ಆಗಲಿಲ್ಲ. ಹಾಳು ಮಾಡಿದ್ದು "ಇದಕ್ಕೋಸ್ಕರ ಬರೀತಿದ್ದೀನಿ" ಎಂಬ ಭಾವನೆ. ನಿಮ್ಮ ವಿಷಯದಲ್ಲೂ ಅಷ್ಟೇ. ದುಡ್ಡು ತೆಗೆದುಕೊಳ್ಳಿ, ಸರಿಯಾಗಿ ತೆಗೆದುಕೊಳ್ಳಿ. ಆದರೆ ನಾಲ್ಕು ವರ್ಷದಲ್ಲಿ ನಿಮ್ಮ ಕೈಯಿಂದ ಬಂದ ಒಂದೊಂದು ಗೆರೆಯೂ ಯಾವುದೋ ಒಂದಕ್ಕೋಸ್ಕರ ಬಂದದ್ದೇ ಆಗಿದ್ದರೆ, ಪೆನ್ಸಿಲ್ ನೋಡಿದ ತಕ್ಷಣ ಮನಸ್ಸು ಅದನ್ನೇ ನೆನಪಿಸುತ್ತದೆ.

ನಾಲ್ಕನೆಯ ಕಾರಣ ಜನರಿಗೆ ಅಷ್ಟಾಗಿ ಹೊಳೆಯುವುದಿಲ್ಲ. ನನ್ನ ಲೆಕ್ಕದಲ್ಲಿ ನಿಮ್ಮಂಥವರಿಗೆ ಇದೇ ದೊಡ್ಡದು. ಇಷ್ಟಪಟ್ಟು ಮಾಡುವವರನ್ನು ಜನ ಜಾಸ್ತಿ ದುಡಿಸಿಕೊಳ್ಳುತ್ತಾರೆ. ಕೆಟ್ಟವರಾಗಿಯೇ ಮಾಡುತ್ತಾರೆ ಎಂದೇನಿಲ್ಲ. ಅಮೆರಿಕ ಮತ್ತು ಕೆನಡಾದ ಮೃಗಾಲಯಗಳಲ್ಲಿ ಪ್ರಾಣಿ ನೋಡಿಕೊಳ್ಳುವವರ ಬಗ್ಗೆ ಬಂಡರ್ಸನ್ ಮತ್ತು ಥಾಂಪ್ಸನ್ ಎಂಬಿಬ್ಬರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಓದಿಕೊಂಡವರು, ಸಂಬಳ ಕಮ್ಮಿ, ಗಲೀಜಿನ ಕೆಲಸ, ಆದರೂ ಬಿಟ್ಟುಹೋಗುವ ಮಾತಿಲ್ಲ. ಇದಕ್ಕಾಗಿಯೇ ನಾನು ಹುಟ್ಟಿದ್ದೇನೆ ಎಂಬ ಭಾವನೆ ಇದ್ದವರಿಗೆ ಕೆಲಸದಲ್ಲಿ ಅರ್ಥ ಕಾಣುತ್ತಿತ್ತು ನಿಜ. ಆದರೆ ಸಂಬಳ, ಸಮಯ, ಸುಖ ಬಿಟ್ಟುಕೊಡಲೂ ಅವರೇ ಮುಂದೆ. ಮೇಲಿನವರು ತಮ್ಮನ್ನು ಬಳಸಿಕೊಳ್ಳುತ್ತಿದ್ದಾರೆ ಎಂಬ ಅನುಮಾನವೂ ಅವರಿಗೇ ಜಾಸ್ತಿ. ಆಮೇಲೆ ಜೇ ಕಿಮ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಇನ್ನೊಂದು ಮುಖ ತೋರಿಸಿತು. ಕೆಲಸದ ಮೇಲೆ ಪ್ರೀತಿ ಇರುವವರಿಗೆ ಸಂಬಳವಿಲ್ಲದ ಹೆಚ್ಚುವರಿ ಕೆಲಸ, ಸಂಬಂಧವಿಲ್ಲದ ಚಿಲ್ಲರೆ ಕೆಲಸ ಹೇಳುವುದು ತಪ್ಪೇನಲ್ಲ ಎಂದು ಜನ ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. "ಹೇಗೂ ಅವರಿಗೆ ಖುಷಿ ತಾನೆ" ಎಂಬ ಸಮಜಾಯಿಷಿ.

"ನಿಮಗಿದು ನೀರು ಕುಡಿದಷ್ಟು ಸುಲಭ, ಒಂದು ಗಂಟೇಲಿ ಮಾಡ್ಬಿಡ್ತೀರ ಬಿಡಿ" ಎಂಬ ಮಾತು ಎಷ್ಟು ಸಲ ಕೇಳಿಸಿಕೊಂಡಿದ್ದೀರಿ? ಅದನ್ನು ಹೊಗಳಿಕೆ ಎಂದುಕೊಂಡು ಎಷ್ಟು ಸಲ ನಕ್ಕಿದ್ದೀರಿ? ಬೇಸರದ ಸಂಗತಿ ಎಂದರೆ ಈ ಮಾತನ್ನು ಹೊರಗಿನವರಷ್ಟೇ ಹೇಳುವುದಿಲ್ಲ. ಮನೆಯವರೂ ಹೇಳುತ್ತಾರೆ, ಕಡೆಗೆ ನೀವೇ ನಿಮಗೆ ಹೇಳಿಕೊಳ್ಳುತ್ತೀರಿ. ನಿಮ್ಮ ಪತ್ರದ "ಅದೂ ನಿಜ ಅನ್ನಿಸುತ್ತದೆ" ಎಂಬ ಸಾಲು ಅಲ್ಲಿಂದ ಬಂದದ್ದು.

ಹಾಗೆಂದು ಪ್ರೀತಿಯೇ ಅಪಾಯ ಎಂದು ನಾನು ಹೇಳುತ್ತಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ವ್ಯಾಲೆರಾಂಡ್ 2003ರಿಂದ ಒಂದು ಮಾತು ಹೇಳುತ್ತ ಬಂದಿದ್ದಾರೆ: ಒಂದು ಕೆಲಸದ ಮೇಲಿನ ಸೆಳೆತ ಎರಡು ತರಹ ಇರುತ್ತದೆ. ಒಂದು ನಿಮ್ಮ ಹಿಡಿತದಲ್ಲಿ ಇರುವಂಥದ್ದು. ಇಷ್ಟಪಟ್ಟು ಮಾಡುತ್ತೀರಿ, ಬಿಡಬೇಕೆಂದಾಗ ಬಿಡುತ್ತೀರಿ, ಬಾಳಿನ ಉಳಿದ ಸಂಗತಿಗಳಿಗೂ ಜಾಗ ಇರುತ್ತದೆ. ಇನ್ನೊಂದು ನಿಮ್ಮನ್ನೇ ಹಿಡಿದುಕೊಂಡಿರುವಂಥದ್ದು. ಬಿಟ್ಟರೆ ಚಡಪಡಿಕೆ, ಮಾಡದಿದ್ದರೆ ತಪ್ಪಿತಸ್ಥ ಭಾವ, ಮಾಡುತ್ತಿದ್ದರೂ ನೆಮ್ಮದಿ ಇಲ್ಲ. ಫ್ರಾನ್ಸ್ ಮತ್ತು ಕೆನಡಾದ ನರ್ಸುಗಳನ್ನು ಇಟ್ಟುಕೊಂಡು 2010ರಲ್ಲಿ ಅವರ ತಂಡ ನೋಡಿದಾಗ, ಎರಡನೆಯ ಬಗೆ ಕೆಲಸಕ್ಕೂ ಉಳಿದ ಬದುಕಿಗೂ ಜಗಳ ಹಚ್ಚಿ ಬರ್ನ್‌ಔಟ್ ಕಡೆ ತಳ್ಳುವುದು ಕಂಡಿತು. ಮೊದಲ ಬಗೆ ಕೆಲಸದಲ್ಲಿ ತೃಪ್ತಿ ಕೊಟ್ಟು ಅದರಿಂದ ಕಾಪಾಡುತ್ತಿತ್ತು. ಒಂದೇ ಕೆಲಸ, ಹಿಡಿದುಕೊಂಡ ರೀತಿ ಬೇರೆ. ಒಬ್ಬರೇ ಒಂದು ಕಾಲದಲ್ಲಿ ಒಂದು ರೀತಿ, ಇನ್ನೊಂದು ಕಾಲದಲ್ಲಿ ಇನ್ನೊಂದು ರೀತಿ ಇರುವುದನ್ನೂ ನಾನು ನೋಡಿದ್ದೇನೆ.

ಸರಿ, ಈಗ ಮಾಡಬೇಕಾದದ್ದು.

ಎಲ್ಲಕ್ಕಿಂತ ಮೊದಲು ಒಬ್ಬ ಡಾಕ್ಟರ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಾಗಿದ್ದರೆ, ರಕ್ತಹೀನತೆ ಇದ್ದರೆ, ನಿದ್ದೆ ಸರಿಯಿಲ್ಲದಿದ್ದರೆ ಇಂಥದ್ದೇ ಸುಸ್ತು ಬರುತ್ತದೆ. ಆಗ ಎಷ್ಟು ರಜೆ ಹಾಕಿದರೂ ಅಷ್ಟೇ. ಇನ್ನೊಂದನ್ನು ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಬೇಸರ ಬರೀ ಕೆಲಸದ ಮೇಲಾ, ಎಲ್ಲದರ ಮೇಲಾ? ಗೆಳತಿ ಬಂದರೆ ಖುಷಿಯಾಗುತ್ತದಾ? ಇಷ್ಟದ ಹಾಡು ಹಿತ ಎನಿಸುತ್ತದಾ? ಆಗುತ್ತದೆ ಎಂದರೆ ಮುಂದಿನ ಮಾತುಗಳು ನಿಮಗೆ ಹೊಂದುತ್ತವೆ. ಯಾವುದೂ ಬೇಡ, ಬೆಳಗಾಗುವುದೇ ಬೇಡ ಎನಿಸುತ್ತಿದ್ದರೆ, ಬದುಕೇ ಸಾಕು ಎಂಬ ಯೋಚನೆ ಒಂದು ಸಲವಾದರೂ ಬಂದಿದ್ದರೆ, ಅದು ಖಿನ್ನತೆ ಇರಬಹುದು. ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಅದಕ್ಕೆ ಚಿಕಿತ್ಸೆ ಇದೆ, ಗುಣವಾಗುತ್ತದೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ಇನ್ನು ನಾನು ಮೊದಲಿಗೆ ಹೇಳಿದ ಪರೀಕ್ಷೆ. ಒಂದು ವಾರ, ಒಂದು ಹಾಳೆ. ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ ಏನು ಮಾಡಿದಿರಿ ಎಂದು ಬರೆಯುತ್ತಾ ಹೋಗಿ. "ಕೆಲಸ" ಎಂದು ಒಟ್ಟಿಗೆ ಬರೆಯಬೇಡಿ. ಕಚ್ಚಾ ಚಿತ್ರ ಹಾಕಿದ್ದು, ಬಣ್ಣ ತುಂಬಿದ್ದು, ತಿದ್ದುಪಡಿ, ಫೋನಲ್ಲಿ ಮಾತು, ಬಾಕಿ ದುಡ್ಡು ಕೇಳಿದ್ದು, ಹೊಸ ಕೆಲಸಕ್ಕೆ ದರ ಕಳಿಸಿದ್ದು, ಚಿತ್ರ ಆನ್‌ಲೈನ್‌ನಲ್ಲಿ ಹಾಕಿ ಎಷ್ಟು ಲೈಕ್ ಬಂತು ಎಂದು ನೋಡಿದ್ದು, ಎಲ್ಲ ಬೇರೆ ಬೇರೆ. ಒಂದೊಂದರ ಪಕ್ಕ, ಅದು ಮುಗಿದಾಗ ಹಗುರ ಎನಿಸಿದರೆ ಕೂಡಿಸುವ ಗುರುತು, ಹಿಂಡಿದಂತಾದರೆ ಕಳೆಯುವ ಗುರುತು. ಯೋಚಿಸಿ ಹಾಕಬೇಡಿ, ಆ ಕ್ಷಣಕ್ಕೆ ಬಂದದ್ದು ಹಾಕಿ.

ನನ್ನ ಹತ್ತಿರ ಬರುವವರಿಗೆ ನಾನು ಕೊಡುವ ಮೊದಲ ಕೆಲಸವೇ ಇದು. ಹಾಡುಗಾರರು, ಫೋಟೋಗ್ರಾಫರ್‌ಗಳು, ಸಾಫ್ಟ್‌ವೇರ್ ಬರೆಯುವವರು, ಯಾರೇ ಆಗಲಿ, ವಾರದ ಕೊನೆಗೆ ಹಾಳೆ ನೋಡಿ ಬಹುತೇಕ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಒಬ್ಬ ಸಂಗೀತದ ಮೇಷ್ಟ್ರು ಬಂದಿದ್ದರು. "ಪಿಟೀಲು ಮುಟ್ಟೋಕೇ ಆಗ್ತಿಲ್ಲ" ಎಂಬುದು ಅವರ ದೂರು. ಹಾಳೆಯಲ್ಲಿ ನೋಡಿದರೆ ಪಿಟೀಲು ಕೈಲಿದ್ದ ಹೊತ್ತಿಗೆಲ್ಲ ಕೂಡಿಸುವ ಗುರುತೇ ಇತ್ತು. ಕಳೆಯುವ ಗುರುತು ಗುಂಪಾಗಿ ಬಿದ್ದಿದ್ದು ಮಕ್ಕಳ ಅಪ್ಪ ಅಮ್ಮಂದಿರ ಜೊತೆ ಕ್ಲಾಸಿನ ಸಮಯ ಹೊಂದಿಸುವ ಫೋನುಗಳ ಮುಂದೆ. ಅವರಿಗೆ ಬೇಕಿದ್ದದ್ದು ವಾರದ ವೇಳಾಪಟ್ಟಿಯನ್ನು ಒಮ್ಮೆ ಖಡಕ್ಕಾಗಿ ಹಾಕಿಕೊಡುವ ಒಬ್ಬರು.

ನಿಮ್ಮ ಹಾಳೆಯಲ್ಲಿ ಏನು ಬರುತ್ತದೋ ನನಗೆ ಗೊತ್ತಿಲ್ಲ. ಬಣ್ಣ ತುಂಬುವಾಗಲೇ ಕಳೆಯುವ ಗುರುತು ಬಿದ್ದರೆ ನನ್ನ ಅನುಮಾನ ತಪ್ಪು. ಆಗ ಇನ್ನೊಂದು ಸಾಧ್ಯತೆ ನೋಡಬೇಕು. ಬಹಳ ದಿನದಿಂದ ಒಂದೇ ಶೈಲಿಯ ಮೊಲ, ಒಂದೇ ಶೈಲಿಯ ಮರ ಬರೆದು ಬರೆದು ಬೇಜಾರಾಗಿರಬಹುದು. ಅದು ಬರ್ನ್‌ಔಟ್ ಅಲ್ಲ, ಕಲಿಕೆ ನಿಂತುಹೋಗಿರುವುದು. ಅದಕ್ಕೆ ಮದ್ದು ಕಡಿಮೆ ಕೆಲಸ ಅಲ್ಲ, ಸ್ವಲ್ಪ ಕಷ್ಟದ ಬೇರೆ ಕೆಲಸ. ಎರಡಕ್ಕೂ ಒಂದೇ ಔಷಧ ಕೊಟ್ಟರೆ ಕೆಡುತ್ತದೆ.

ಆದರೆ ಹಾಳೆಯಲ್ಲಿ ಕಳೆಯುವ ಗುರುತೆಲ್ಲ ತಿದ್ದುಪಡಿ, ಮೆಸೇಜು, ಬಾಕಿ ವಸೂಲಿ ಇವುಗಳ ಮುಂದೆಯೇ ಇದ್ದರೆ, ಅಲ್ಲಿಗೇ ಕೈ ಹಾಕಬೇಕು. ಧ್ಯಾನ, ಉಸಿರಾಟ ಎಲ್ಲ ಒಳ್ಳೆಯದೇ. ಮೊಲದ ಕಿವಿಯನ್ನು ಏಳನೇ ಸಲ ತಿದ್ದುತ್ತಾ ಎಷ್ಟು ಉಸಿರಾಡಿದರೂ ಪ್ರಯೋಜನ ಇಲ್ಲ.

ತಿದ್ದುಪಡಿಗೆ ಲೆಕ್ಕ ಇಡಿ. ಕಚ್ಚಾ ಚಿತ್ರದ ಹಂತದಲ್ಲಿ ಎರಡು ಸಲ, ಬಣ್ಣ ಆದ ಮೇಲೆ ಒಂದು ಸಲ. ಅದಕ್ಕಿಂತ ಜಾಸ್ತಿ ಬೇಕಾದರೆ ಪ್ರತಿ ಸಲಕ್ಕೂ ಇಷ್ಟು ಎಂದು ಕೆಲಸ ಶುರುವಾಗುವ ಮುಂಚೆಯೇ ಬರೆದು ಕಳಿಸಿ, "ಒಪ್ಪಿಗೆ" ಎಂಬ ಉತ್ತರ ಬಂದ ಮೇಲೆ ಪೆನ್ಸಿಲ್ ಹಿಡಿಯಿರಿ. ಇದರಿಂದ ಬರುವ ಹೆಚ್ಚಿನ ದುಡ್ಡು ಮುಖ್ಯ ಅಲ್ಲ. ಲೆಕ್ಕ ಇದೆ ಎಂದು ಗೊತ್ತಾದ ಕೂಡಲೇ ಎದುರಿನವರು ಯೋಚಿಸಿ, ಎಲ್ಲವನ್ನೂ ಒಟ್ಟುಮಾಡಿ ಒಂದೇ ಸಲ ಹೇಳಲು ಕಲಿಯುತ್ತಾರೆ. ಅರ್ಧ ದುಡ್ಡು ಮುಂಗಡ. ಮೆಸೇಜಿಗೆ ಉತ್ತರ ದಿನಕ್ಕೆ ಎರಡು ಹೊತ್ತು ಮಾತ್ರ. ಕ್ಲೈಂಟ್‌ಗಳಿಗೆ ಬೇರೆ ನಂಬರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, ಸಂಜೆ ಆ ಫೋನ್ ಆಫ್ ಮಾಡಬಹುದು.

ಹೇಳುವುದು ಹೇಗೆ ಎಂಬ ಮುಜುಗರ ಇರುತ್ತದೆ. ಉದ್ದದ ವಿವರಣೆ ಬೇಡ, ಕ್ಷಮೆಯಂತೂ ಬೇಡವೇ ಬೇಡ. "ಮುಂದಿನ ತಿಂಗಳಿಂದ ನಾನು ಸಂಜೆ ಆರರ ನಂತರ ಮೆಸೇಜ್ ನೋಡುವುದಿಲ್ಲ. ನಿಮ್ಮ ತಿದ್ದುಪಡಿಗಳನ್ನು ಒಟ್ಟಿಗೆ ಕಳಿಸಿದರೆ ಬೇಗ ಮಾಡಿಕೊಡಲು ಅನುಕೂಲ." ಇಷ್ಟು ಸಾಕು. ಎಲ್ಲರಿಗೂ ಒಂದೇ ದಿನ ಕಳಿಸಬೇಡಿ. ನಿಮಗೆ ಅತಿ ಹೆಚ್ಚು ತಲೆನೋವು ಕೊಡುವ ಕ್ಲೈಂಟ್‌ನಿಂದ ಶುರುಮಾಡಿ. ಅವರು ಬಿಟ್ಟುಹೋದರೂ ನಷ್ಟ ಕಡಿಮೆ, ಉಳಿದುಕೊಂಡರೆ ನಿಮಗೆ ಧೈರ್ಯ ಬರುತ್ತದೆ. ಕೆಲಸಕ್ಕೆ ಕೊರತೆ ಇಲ್ಲ ಎಂದು ನೀವೇ ಬರೆದಿದ್ದೀರಿ, ಒಬ್ಬರನ್ನು ಬಿಟ್ಟುಕೊಡುವಷ್ಟು ಜಾಗ ನಿಮಗಿದೆ. ಕೆಲಸವೇ ಸಿಗದ ಹೊಸಬರಿಗೆ ಈ ಮಾತು ನಾನು ಇಷ್ಟು ಸಲೀಸಾಗಿ ಹೇಳುವುದಿಲ್ಲ. ಅವರು ಮುಂಗಡದ ನಿಯಮ ಒಂದನ್ನು ಮೊದಲು ತರಲಿ.

ದರದ ಬಗ್ಗೆ ಇದೇ ಕೆಲಸ ಮಾಡುವ ನಾಲ್ಕು ಜನರ ಜೊತೆ ಮಾತಾಡಿ. ದರ ಗೊತ್ತಾಗುವುದಷ್ಟೇ ಅಲ್ಲ, ಜೊತೆಯೂ ಸಿಗುತ್ತದೆ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟಿಗೆ ಕಾರಣವಾಗುವ ಆರು ಜಾಗ ಗುರುತಿಸಿದ್ದಾರೆ: ಕೆಲಸದ ಹೊರೆ, ಹಿಡಿತ, ಪ್ರತಿಫಲ, ಜೊತೆಯವರು, ನ್ಯಾಯ, ಮೌಲ್ಯ. ನಮ್ಮ ಮಾತುಕತೆಯೆಲ್ಲ ಮೊದಲನೆಯದರ ಸುತ್ತಲೇ ತಿರುಗುತ್ತದೆ, "ಕೆಲಸ ಜಾಸ್ತಿ ಆಯ್ತು, ಕಮ್ಮಿ ಮಾಡ್ಕೋ" ಎಂದು. ಒಬ್ಬರೇ ಕೂತು ದುಡಿಯುವವರಿಗೆ ಹೊರೆಗಿಂತ ಜಾಸ್ತಿ ಕಾಡುವುದು ಜೊತೆ ಇಲ್ಲದಿರುವುದು. ಆಫೀಸಿನಲ್ಲಿ ಬಾಸ್ ಬೈದರೆ ಪಕ್ಕದ ಟೇಬಲ್ಲಿನವರ ಹತ್ತಿರ ಹೇಳಿಕೊಂಡು ನಗುತ್ತಿದ್ದಿರಿ. ಈಗ "ಮೊಲ ಖುಷಿಯಾಗಿ ಕಾಣಲಿ" ಎಂಬುದನ್ನು ಕೇಳಿ ನಗಲು ಯಾರಿದ್ದಾರೆ?

ಸಂಜೆ ಕೆಲಸ ಮುಗಿಸುವಾಗ ಒಂದು ಸಣ್ಣ ಅಭ್ಯಾಸ ಮಾಡಿಕೊಳ್ಳಿ. ಅರ್ಧ ಉಳಿದದ್ದನ್ನು ನಾಳೆ ಎಲ್ಲಿಂದ ಶುರುಮಾಡಬೇಕು ಎಂದು ಎರಡು ಸಾಲು ಬರೆದಿಡಿ. "ನಾಲ್ಕನೇ ಪುಟ, ಹಿಂದಿನ ಮರದ ನೆರಳಿನಿಂದ" ಎನ್ನುವಷ್ಟು ನಿಖರವಾಗಿ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ. ಅದನ್ನು ಮುಗಿಸದಿದ್ದರೂ, ಯಾವಾಗ ಹೇಗೆ ಮಾಡುತ್ತೇನೆ ಎಂದು ನಿರ್ಧಾರ ಮಾಡಿದರೆ ಸಾಕು, ಕೊರೆತ ತಗ್ಗುತ್ತದೆ ಎಂದು ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದ್ದಾರೆ.

ರಜೆಯಿಂದ ಪ್ರಯೋಜನ ಆಗಲಿಲ್ಲ ಎಂದು ಬೇಸರ ಮಾಡಿಕೊಂಡಿದ್ದೀರಿ. ಅದರಲ್ಲಿ ನಿಮ್ಮ ಕೊರತೆ ಏನಿಲ್ಲ. ವೆಸ್ಟ್‌ಮನ್ ಮತ್ತು ಈಡನ್ ಎಂಬಿಬ್ಬರು 1997ರಲ್ಲಿ ಇದನ್ನೇ ನೋಡಿದ್ದರು. ರಜೆಯಲ್ಲಿ ಬರ್ನ್‌ಔಟ್ ಇಳಿಯಿತು. ಕೆಲಸಕ್ಕೆ ಮರಳಿದ ಮೂರು ದಿನಕ್ಕೇ ಏರತೊಡಗಿ, ಮೂರು ವಾರಕ್ಕೆ ಮೊದಲಿನ ಮಟ್ಟಕ್ಕೆ ಬಂತು. ಬಿಟ್ಟುಹೋದ ಮೇಜಿಗೇ ವಾಪಸ್ ಬಂದರೆ ಇನ್ನೇನಾಗುತ್ತದೆ? ವರ್ಷಕ್ಕೊಂದು ದೊಡ್ಡ ರಜೆಗಿಂತ ದಿನಾ ಸಂಜೆ ಕೆಲಸದಿಂದ ಮನಸ್ಸು ಪೂರ್ತಿ ಕಳಚಿಕೊಳ್ಳುವುದು ಮುಖ್ಯ. ಸಬೀನ್ ಸೊನ್ನೆಂಟಾಗ್ ಎಂಬ ಜರ್ಮನ್ ಸಂಶೋಧಕಿ ವರ್ಷಗಟ್ಟಲೆ ಅಧ್ಯಯನ ಮಾಡಿರುವುದು ಇದನ್ನೇ. ಮೈ ಮನೆಯಲ್ಲಿದ್ದು ತಲೆ ಕ್ಲೈಂಟ್ ಹತ್ತಿರ ಇದ್ದರೆ ಅದು ವಿಶ್ರಾಂತಿಯ ಲೆಕ್ಕಕ್ಕೆ ಬರುವುದಿಲ್ಲ.

ಇಲ್ಲಿ ನಾನು ಎಲ್ಲರೂ ಕೊಡುವ ಒಂದು ಸಲಹೆಗೆ ವಿರುದ್ಧ ಹೇಳುತ್ತೇನೆ. "ಕ್ಲೈಂಟ್‌ಗೆ ಮಾಡೋದು ಮಾಡಿ, ಜೊತೆಗೆ ನಿಮಗೋಸ್ಕರ ಅಂತ ದಿನಾ ಒಂದು ಚಿತ್ರ ಬರೀರಿ" ಎಂದು ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಚೆನ್ನಾಗಿರುವ ಕಾಲದಲ್ಲಿ ಇದು ಒಳ್ಳೆಯ ಸಲಹೆ. ಈಗ ನಿಮಗೆ ಬೇಡ. ಈಗ ಅದು ಇನ್ನೊಂದು ಡೆಡ್‌ಲೈನ್ ಆಗುತ್ತದೆ. ಒಂದು ದಿನ ತಪ್ಪಿದರೆ "ನನಗೋಸ್ಕರ ಒಂದು ಚಿತ್ರ ಬರೆಯೋಕೂ ಆಗಲಿಲ್ಲ" ಎಂಬ ಹೊಸ ತಪ್ಪಿತಸ್ಥ ಭಾವ. ಕೀಯಾರಾ ಕೆಲ್ಲಿ ಮತ್ತು ಜೊತೆಯವರು 2020ರಲ್ಲಿ ಹವ್ಯಾಸಗಳ ಬಗ್ಗೆ ಪ್ರಕಟಿಸಿದ ಅಧ್ಯಯನ ಇದಕ್ಕೆ ಹೊಂದುತ್ತದೆ. ಹವ್ಯಾಸ ಕೆಲಸದ ತರಹವೇ ಇದ್ದು, ಅದನ್ನು ಭಾರೀ ಗಂಭೀರವಾಗಿಯೂ ತೆಗೆದುಕೊಂಡಾಗ, ಅದಕ್ಕೆ ಜಾಸ್ತಿ ಸಮಯ ಕೊಟ್ಟಷ್ಟೂ ಕೆಲಸದಲ್ಲಿನ ಆತ್ಮವಿಶ್ವಾಸ ಕುಗ್ಗುತ್ತಿತ್ತು. ಕೆಲಸಕ್ಕಿಂತ ಬೇರೆಯಾದ ಹವ್ಯಾಸವಾದರೆ ಗಂಭೀರವಾಗಿದ್ದರೂ ಒಳ್ಳೆಯದೇ ಮಾಡುತ್ತಿತ್ತು.

ಹಾಗಾಗಿ ಒಂದೆರಡು ತಿಂಗಳು ಚಿತ್ರಕ್ಕೆ ಸಂಬಂಧವೇ ಇಲ್ಲದ್ದು ಏನಾದರೂ ಮಾಡಿ. ಕುರ್ಚಿಯಲ್ಲಿ ಕೂತು ಕಣ್ಣು, ಕೈ ಸವೆಸುವಂಥದ್ದು ಬೇಡ. ಈಜು ಆಗಬಹುದು, ಗಿಡ ನೆಡುವುದಾಗಬಹುದು, ಹಾಡು ಕಲಿಯುವುದಾಗಬಹುದು. ನೀವು ಅದರಲ್ಲಿ ಕೆಟ್ಟದಾಗಿದ್ದರೆ ಇನ್ನೂ ಒಳ್ಳೆಯದು. ಸುಮಾರಾಗಿ ಮಾಡಿಯೂ ಖುಷಿಪಡಬಹುದು ಎಂಬುದನ್ನು ನಿಮ್ಮಂಥ ಕೈಚಳಕದವರು ಮರೆತೇಬಿಟ್ಟಿರುತ್ತಾರೆ. ಒಂದೇ ನಿಯಮ: ಅದರ ಫೋಟೋ ತೆಗೆದು ಎಲ್ಲೂ ಹಾಕಬಾರದು, ಅದರಿಂದ ದುಡಿಯುವ ಯೋಚನೆ ಮಾಡಬಾರದು.

ಮಗಳ ಆನೆಯ ವಿಷಯ. ಅವಳ ಹತ್ತಿರ ಹೋಗಿ ಸರಳವಾಗಿ ಹೇಳಿ, "ಅಮ್ಮನಿಗೆ ಚಿತ್ರ ಬರೆದು ಬರೆದು ಕೈ ಸೋತಿದೆ ಪುಟ್ಟ, ಅದಕ್ಕೇ ಸಿಟ್ಟು ಬಂತು, ನಿನ್ನ ಮೇಲಲ್ಲ" ಎಂದು. ಮಕ್ಕಳಿಗೆ ಇದು ಅರ್ಥವಾಗುತ್ತದೆ. ಈಗ ನೀವು ಬರೆದುಕೊಡಬೇಕಿಲ್ಲ. ಅವಳು ಬರೆಯಲಿ, ನೀವು ಪಕ್ಕದಲ್ಲಿ ಕೂತಿರಿ. ತಿದ್ದಬೇಡಿ, "ಸೊಂಡಿಲು ಹೀಗಲ್ಲ" ಎನ್ನಬೇಡಿ. ಯಾವತ್ತಾದರೂ ನಿಮ್ಮ ಕೈ ತಾನಾಗಿಯೇ ಬಣ್ಣದ ಪೆನ್ಸಿಲ್ ಕಡೆ ಹೋದರೆ ಹೋಗಲಿ. ಹೋಗಲಿಲ್ಲವಾ, ಬೇಡ ಬಿಡಿ. ಕಾಯಬೇಡಿ, ಗಮನಿಸುತ್ತಲೂ ಕೂರಬೇಡಿ.

ಮನೆಯವರಿಗೆ ನಿಮ್ಮ ವಾರದ ಹಾಳೆ ತೋರಿಸಿ. "ನನಗೆ ಕಷ್ಟ" ಎಂದು ಹತ್ತು ಸಲ ಹೇಳಿದರೂ ಆಗದ್ದು, ಚಿತ್ರ ಬರೆಯಲು ಸಿಕ್ಕ ಹೊತ್ತೆಷ್ಟು, ಉಳಿದದ್ದೆಷ್ಟು ಎಂದು ಕಣ್ಣಾರೆ ಕಂಡಾಗ ಆಗುತ್ತದೆ.

ಇನ್ನು ಹಳೆ ಆಫೀಸು. ಈಗಿಂದೀಗಲೇ ಹೂಂ ಅನ್ನಬೇಡಿ, ಉಹುಂ ಅಂತಲೂ ಅನ್ನಬೇಡಿ. ಸುಸ್ತಾಗಿರುವ ತಲೆಗೆ ಎರಡೇ ದಾರಿ ಕಾಣುತ್ತವೆ, ಪೂರ್ತಿ ಇದು ಇಲ್ಲವೇ ಪೂರ್ತಿ ಅದು. ಎರಡು ತಿಂಗಳು ಸಮಯ ಕೇಳಿ. ಈ ಎರಡು ತಿಂಗಳಲ್ಲಿ ಮೇಲೆ ಹೇಳಿದ ಬದಲಾವಣೆ ತಂದು, ಕೊನೆಯ ವಾರ ಮತ್ತೊಂದು ಹಾಳೆ ಬರೆಯಿರಿ. ಎರಡು ಹಾಳೆ ಪಕ್ಕಪಕ್ಕ ಇಟ್ಟು ನೋಡಿದಾಗ ನಿಮಗೇ ಗೊತ್ತಾಗುತ್ತದೆ.

ವಾಪಸ್ ಹೋಗುವುದು ಸೋಲು ಎಂಬ ಭಾವನೆ ಇದ್ದರೆ ಅದನ್ನು ಬಿಡಿ. ಮಾಸ್ತಿಯವರು ಸರ್ಕಾರಿ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ಹೊಟ್ಟೆಪಾಡಿನ ಹೊಣೆಯನ್ನು ಇನ್ನೊಂದು ಕೆಲಸದ ಮೇಲೆ ಹೊರಿಸಿ, ಇಷ್ಟದ್ದನ್ನು ಹಗುರವಾಗಿ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆಫೀಸಿಗೆ ಸೇರಿ, ಈಗಿನ ಕ್ಲೈಂಟ್‌ಗಳನ್ನೂ ಹಾಗೇ ಇಟ್ಟುಕೊಂಡು, ರಾತ್ರಿ ಮೊಲ ತಿದ್ದುವ ಯೋಚನೆ ಇದ್ದರೆ ದಯವಿಟ್ಟು ಬೇಡ. ಅದು ಈಗಿನದಕ್ಕಿಂತ ಕೆಟ್ಟ ಸ್ಥಿತಿ. ಅವರನ್ನು ಒಂದು ಮಾತು ಕೇಳಿ ನೋಡಿ, ವಾರಕ್ಕೆ ಮೂರು ದಿನದ ಕೆಲಸ ಕೊಡುತ್ತಾರಾ ಎಂದು. ಕೊಟ್ಟರೆ, ತಲೆನೋವಿನ ಜಾಹೀರಾತು ಕೆಲಸಗಳನ್ನು ಬಿಟ್ಟು ಮಕ್ಕಳ ಪುಸ್ತಕ ಮಾತ್ರ ಇಟ್ಟುಕೊಳ್ಳುವ ಲೆಕ್ಕ ಹಾಕಬಹುದು. ಆಗುವುದಿಲ್ಲ ಎಂದರೂ ಕೇಳಿದ್ದರಿಂದ ನಷ್ಟವೇನಿಲ್ಲ. ಮೊದಲ ವಾರದ ಹಾಳೆ ಆದ ಮೇಲೆ ಬೇಕಿದ್ದರೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ.